ಮೂಕ ಮನೆ

ಜನವರಿ. ಫ್ರೀಮ್ಯಾಂಟಲ್. ಬೆಳಗಿನ ಆರಕ್ಕೇ
ಬಿಸಿಲು ಮುಖ ತೊಳೆದು ಕೂತಿದೆ.
ಕಡಲಂಚಿನ ಹುಲ್ಲಿನ ಮೇಲೆ, ನಾರ್ಫಕ್ ಪೈನ್ ಮರದಾಚೆ,
ಹಬ್ಬದವರು ಒಂದು ಹಳೇ ಪಿಯಾನೋ ಇಟ್ಟಿದ್ದಾರೆ,
ಹಳದಿ ಬಳಿದು, ಪಕ್ಕೆಗೊಂದು ಆಕ್ಟೋಪಸ್ ಬರೆದು:
ಯಾರು ಬೇಕಾದರೂ ನುಡಿಸಿ, ಐಸ್‌ಕ್ರೀಮ್ ಮಾತ್ರ ಬೇಡ.

ಹನ್ನೊಂದು ದಿನ ಅದರ ಶ್ರುತಿ ನನ್ನ ಜವಾಬ್ದಾರಿ.
ಬಿಲ್ಲಿನಲ್ಲಿ ಹಾಗೇ ಇದೆ: ದಿನಕ್ಕೊಂದು ಸಲ, ತೆರಿಗೆ ಸೇರಿ.

ಅಪ್ಪ ಹುಬ್ಬಳ್ಳಿಯಲ್ಲಿ ಪೇಟಿ ರಿಪೇರಿ ಮಾಡುತ್ತಿದ್ದ.
ತಿದಿಗೆ ತೊಗಲು ಅಂಟಿಸುತ್ತ, ಹಲ್ಲಲ್ಲಿ ದಾರ ಕಚ್ಚಿ
ಗಿರಾಕಿಗೆ ಹೇಳುತ್ತಿದ್ದ: "ಬಿಸಲಾಗ ಇಡಬ್ಯಾಡ್ರಿ,
ಬಿಸಲಿಗೆ ಕಿವಿ ಇಲ್ಲ."
ನೋಡಪ್ಪಾ, ನಲವತ್ತೊಂದು ಡಿಗ್ರಿಯಲ್ಲಿ
ಇನ್ನೂರಿಪ್ಪತ್ತು ತಂತಿ ಬಯಲಿಗಿಟ್ಟು
ದುಡ್ಡು ಎಣಿಸುತ್ತಿದ್ದೇನೆ.

ಬೆಳಿಗ್ಗೆ ಕೂಡಿಸಿದ್ದು ಹನ್ನೊಂದಕ್ಕೆ ಸಡಿಲ.
ಮೂರಕ್ಕೆ ಡಾಕ್ಟರ್ ಬರುತ್ತಾರೆ.
ಇಲ್ಲಿ ಮಧ್ಯಾಹ್ನದ ಕಡಲಗಾಳಿಗೆ ಅದೇ ಹೆಸರು;
ಫೀಸಿಲ್ಲ, ಚೀಟಿಯಿಲ್ಲ, ಟೋಪಿ ಹಾರಿಸಿ
ಡೇರೆಗಳ ಹೊಟ್ಟೆ ಒತ್ತಿ ನೋಡಿ
ಊರಿಗೆಲ್ಲ ತಂಪು ಕೊಟ್ಟು
ನನ್ನ ರೋಗಿಗೆ ಮಾತ್ರ ಉಪ್ಪು ತಿನ್ನಿಸಿ ಹೋಗುತ್ತಾರೆ.

ಮೂರನೇ ದಿನ ಎಡತುದಿಯ ದಪ್ಪ ತಂತಿಯೊಂದು ಕಡಿಯಿತು.
ತಾಮ್ರ ಸುತ್ತಿದ ಒಂಟಿ ತಂತಿ, ಜೋಡಿಯಿಲ್ಲ ಅದಕ್ಕೆ.
ಆ ಮನೆ ಒತ್ತಿದರೆ ಮರದ ಟಕ್, ಅಷ್ಟೇ.
ಹೊಸದು ಮೆಲ್ಬರ್ನ್‌ನಲ್ಲಿ ತಯಾರಾಗಿ ಬರಬೇಕು, ಒಂದು ವಾರ.
ಯಾರು ಕೇಳಿದರು? ಮರಗಾಲಿನ ಕುಣಿತದವರು
ನೆರಳಿಗೆ ಬಾಗಿ ಐಸು ಹೀರುತ್ತಿದ್ದರು,
ಹುಡುಗರು ಹತ್ತು ಬೆರಳಿಗೆ ಎರಡು ಮೊಣಕೈ ಸೇರಿಸಿ ಬಡಿಯುತ್ತಿದ್ದರು,
ಹುರಿದ ಸ್ಕ್ವಿಡ್ಡಿನ ವಾಸನೆ, ಸನ್‌ಸ್ಕ್ರೀನಿನ ವಾಸನೆ.

ನುನ್ಸಿಯಾ ಮಾತ್ರ ದಿನಾ ಐದಕ್ಕೆ ಬರುತ್ತಿದ್ದಳು.
ಎಂಬತ್ತರ ಹತ್ತಿರ. ಗಂಡ ಸಾರ್ಡೀನ್ ದೋಣಿಯವ, ಈಗಿಲ್ಲ.
ಮೀನಿನ ಗೋದಾಮಿನಲ್ಲಿ ದುಡಿದ ಬೆರಳು, ಗಂಟು ಗಂಟು.
ಹುಡುಗಿಯಾಗಿದ್ದಾಗ ಮೊಲ್ಫೆತ್ತಾದಲ್ಲಿ ಕಲಿತ ಒಂದೇ ವಾಲ್ಟ್ಸ್.
ಇನ್ನೊಂದು? ಅಂದರೆ, "ಒಂದು ಸಾಕಲ್ಲ, ಸರಿಯಾಗಿ ಬಂದರೆ?"

ಮೊದಲ ಸಲ ಎಡಗೈ ಆ ಮನೆಗೆ ಬಿದ್ದು
ಟಕ್ ಅಂದಾಗ ನಿಲ್ಲಿಸಿ ನನ್ನತ್ತ ನೋಡಿದಳು,
ತೂಕದಲ್ಲಿ ಮೋಸ ಮಾಡಿದವನನ್ನು ನೋಡುವ ಹಾಗೆ.
ಮರುದಿನ ಅಲ್ಲಿಗೆ ಬಂದಾಗ ಕೈ ತುಸು ಎತ್ತಿದಳು.
ಅದರ ಮರುದಿನ, ಎತ್ತಿದ ಕೈ ಗಾಳಿಯಲ್ಲೇ
ಒಂದು ಮಾತ್ರೆ ಕಾದು ಇಳಿಯಿತು.
(ಡಾಕ್ಟರ್ ಕೊಡದ ಮಾತ್ರೆ.)
ಏಳನೇ ದಿನಕ್ಕೆ ಆ ಖಾಲಿಗೆ ತಲೆದೂಗುವವರೂ ಇದ್ದರು.

ಹತ್ತನೇ ದಿನ ತಂತಿ ಬಂತು.
ಸುರುಳಿ ಬಿಚ್ಚಿ, ಗೂಟಕ್ಕೆ ಸುತ್ತಿ, ಎಳೆದು, ಇನ್ನಷ್ಟು ಎಳೆದು.
ಹೊಸ ತಂತಿ ಅಂದರೆ ಹೊಸ ಚಪ್ಪಲಿ, ಪಳಗಲು ಹೊತ್ತು ಬೇಕು.
ನಾಲ್ಕು ಸಲ ಕೂಡಿಸಿದೆ.
ಹುಲ್ಲಿನ ಬುಡದ ಮರಳಿಗೂ ಕೇಳುವಂಥ ಮಂದ್ರ.
ಬೆನ್ನು ನೆಟ್ಟಗೆ ಮಾಡಿ ಐದಾಗುವುದನ್ನೇ ಕಾದೆ,
ಹೊಸ ಸೀರೆ ಉಟ್ಟು ಯಾರಾದರೂ ಕೇಳಲಿ ಅನ್ನುವವಳ ಹಾಗೆ.

ಬಂದಳು. ಕೂತಳು. ಚೀಲ ಕಾಲ ಸಂದಿಯಲ್ಲಿ.
ಅದೇ ವಾಲ್ಟ್ಸ್. ಆ ಜಾಗ ಬಂತು.
ಕೈ ಎದ್ದಿತು, ಕಾಯಿತು, ಇಳಿಯಿತು ಆಚೆ ಮನೆಗೆ.
"ರಿಪೇರಿ ಆಗಿದೆ," ಅಂದೆ. ಒತ್ತಿ ತೋರಿಸಿದೆ.
ಭೋಂ ಅಂತು. ದೂರದಲ್ಲಿ ಯಾರದೋ ನಾಯಿ ಎದ್ದು ನಿಂತಿತು.
"ಚೆನ್ನಾಗಿದೆ," ಅಂದಳು ನುನ್ಸಿಯಾ,
ಪಕ್ಕದ ಮನೆಯವರ ಪರದೆಗೆ ಹೇಳುವ ಹಾಗೆ,
ಮತ್ತೆ ಮೊದಲಿಂದ ನುಡಿಸಿದಳು, ಅದನ್ನು ಮುಟ್ಟದೆ.

ಸಿಟ್ಟು ಬಂತು, ಸುಳ್ಳೇಕೆ.

ಹನ್ನೊಂದನೇ ರಾತ್ರಿ ದೀಪದ ಸರ ಇಳಿಸಿದರು.
ಪಿಯಾನೋ ಟ್ರಕ್ಕಿಗೆ: ನಾಲ್ಕು ಜನ, ಎರಡು ಬೆಲ್ಟು, ಒಂದು ಬೈಗುಳ.
ಹುಲ್ಲಿನ ಮೇಲೆ ಅದು ನಿಂತಿದ್ದಷ್ಟು ಅಗಲ ಬಿಳಿಚಿಕೊಂಡಿತ್ತು.
ರೈಲಿಗೆ ಕಾಯುತ್ತ ಬೆಂಚಿನ ಮೇಲೆ ಬಿಲ್ಲು ಮುಗಿಸಿದೆ.
ಶ್ರುತಿ, ಹನ್ನೊಂದು ಸಲ.
ತಂತಿ ಒಂದು, ಎಂಬತ್ತೈದು ಡಾಲರ್.
ಬರೆದೆ. ಹೊಡೆದುಹಾಕಿದೆ.
ರೈಲು ಬಂತು. ಮತ್ತೆ ಬರೆದೆ.